ಸಭೆಗೆ ಹೋಗೋದು, ಶಿಬಿರಕ್ಕ ಹೋಗೋದು: ಹೊಸದಾಗಿ ಬಂದ ಅರಿವಳಿಕೆ ಡಾಕ್ಟರಿಗೆ

ತಂಗೀ, ನೀ ಕೇಳಿದ್ದು ಎರಡು ಮಾತು. ಹುಬ್ಬಳ್ಳಿ ಕಿಮ್ಸ್‌ನಾಗ ಎಂ.ಡಿ. ಮುಗಿಸಿ, ಎಂಟಿಐ (ಹೊರದೇಶದ ಡಾಕ್ಟರಿಗೆ ಇಲ್ಲಿ ಸ್ವಲ್ಪ ಕಾಲ ತರಬೇತಿ ಕೊಡೋ ಯೋಜನೆ) ಮ್ಯಾಲೆ ಇಂಗ್ಲಂಡಿನ ಮಕ್ಕಳ ದವಾಖಾನಿಗೆ ಬಂದು ಎರಡು ತಿಂಗಳಾತು. ಇಲ್ಲಿಯ ಸಂಘದ ಸಭೆಗೆ ರೊಕ್ಕ ಹಾಕಿ ಹೋಗೋದರಾಗ ಏನರೆ ಹುರುಳದ ಏನು ಅನ್ನೋದು ಒಂದು. ಡಿಸೆಂಬರ್ ಸೂಟಿಯೊಳಗ ಗದಗ ಕಡೆ ಸೀಳುತುಟಿ ಶಿಬಿರಕ್ಕ ಕೈ ಹಚ್ಚಬಹುದೇನು ಅನ್ನೋದು ಇನ್ನೊಂದು. ಎರಡಕ್ಕೂ ನನ್ನ ಉತ್ತರ ಹೌದು. ಆದರ ಎಂಟಿಐ ಅಂದರ ಹೆಚ್ಚಂದರ 24 ತಿಂಗಳು. ಮೊದಲನೇ ಆರು ತಿಂಗಳು ರೋಟಾ (ಡ್ಯೂಟಿ ಪಟ್ಟಿ) ತಿಳಕೊಳ್ಳೋದರಾಗ ಹೋದರ, ಉಳಿದದ್ದು ಭಾಳ ಇರಂಗಿಲ್ಲ. ಅದಕ್ಕ ಈಗಿಂದನ ಶುರು ಮಾಡು.

ಮೊದಲು ಸಭೆ. ಗ್ರೇಟ್ ಬ್ರಿಟನ್ ಮತ್ತ ಐರ್ಲಂಡಿನ ಮಕ್ಕಳ ಅರಿವಳಿಕೆ ತಜ್ಞರ ಸಂಘ 1973ರಾಗ ಶುರು ಆದದ್ದು; ಇಲ್ಲಿ ಎಲ್ಲಾರೂ ಎಪಿಎ ಅಂತಾರ. ವಾರ್ಷಿಕ ಸಭೆ ಒಂದೊಂದು ವರ್ಷ ಒಂದೊಂದು ಊರಾಗ. ಬರೇ ಕೇಳಲಿಕ್ಕೆ ಹೋಗಬ್ಯಾಡ. ಕೇಳೋದಷ್ಟೇ ಇದ್ದರ ಮನಿಯೊಳಗ ಕೂತು ಲೇಖನ ಓದಿದರೂ ಆಗತದ. ಒಂದು ಪೋಸ್ಟರ್ ಹಿಡಕೊಂಡು ಹೋದರ ಅದರ ಮುಂದ ನಿಂತವರು ತಾವಾಗೇ ಬಂದು ಮಾತಾಡಸತಾರ. ಯಾರ ಪರಿಚಯನೂ ಇಲ್ಲದ ಊರಾಗ ಅದಕ್ಕಿಂತ ಸರಳ ಹಾದಿ ಇಲ್ಲ.

ಪೋಸ್ಟರಿಗೆ ದೊಡ್ಡ ಸಂಶೋಧನೆ ಬೇಕಾಗಿಲ್ಲ, ಒಂದು ಚಲೋ ಆಡಿಟ್ ಸಾಕು, ಅಂದರ ಕೆಲಸ ನಿಯಮದಂಗ ನಡದದ ಏನು ಅಂತ ಎಣಿಸಿ ನೋಡೋದು. ಉದಾಹರಣೆಗೆ ಉಪವಾಸದ ಲೆಕ್ಕ. ಎಪಿಎ ಮತ್ತ ಯುರೋಪಿನ ಸಂಘಗಳು 2018ರಾಗ ಒಪ್ಪಿದ ಮಾತು: ಪ್ಲಾನ್ ಮಾಡಿದ ಆಪರೇಶನ್ನಿಗೆ ಅರಿವಳಿಕೆಗೆ ಒಂದು ತಾಸು ಮೊದಲತನಕ ಮಕ್ಕಳಿಗೆ ನೀರಿನಂಥ ತಿಳಿ ಪಾನೀಯ ಕೊಡಬಹುದು. ನಿಮ್ಮ ವಾರ್ಡಿನಾಗ 50 ಮಕ್ಕಳು ಖರೇನ ಎಷ್ಟು ತಾಸು ನೀರು ಬಿಟ್ಟಿದ್ದರು ಅಂತ ಬರಕೋ. ಕಾರಣ ಹುಡುಕು: ಪತ್ರದಾಗ ಹಳೇ ಸೂಚನೆ ಉಳಿದಿರತದ, ಇಲ್ಲಾ ಲಿಸ್ಟಿನ ಕ್ರಮ ಬದಲಾದದ್ದು ನರ್ಸ್‌ಗೆ ತಿಳಿದಿರಂಗಿಲ್ಲ. ಅದನ್ನ ತಿದ್ದಿ, ಮತ್ತ 50 ಮಕ್ಕಳನ್ನ ಎಣಸು. ಈ ಎರಡನೇ ಎಣಿಕಿ ಇಲ್ಲದ್ದಕ್ಕನ ಎಷ್ಟೋ ಆಡಿಟ್‌ಗಳಿಗೆ ಬೆಲಿ ಸಿಗಂಗಿಲ್ಲ. ಒಂದು ಮಾಹಿತಿನೂ ತಗೊಳ್ಳೋ ಮೊದಲ ದವಾಖಾನಿಯ ಆಡಿಟ್ ವಿಭಾಗದಾಗ ಹೆಸರು ನೋಂದಾಯಿಸು. ಕೇಸ್ ಪೇಪರಿನ ಫೋಟೋ ಫೋನಿನಾಗ ಹೊಡಕೊಳ್ಳೋ ರೂಢಿ ಊರಾಗಿಂದ ಬಂದಿದ್ದರ ಇವತ್ತ ಬಿಡು, ಇಲ್ಲೆ ಅದು ನೌಕರಿಗೇ ಕುತ್ತು. ಅಪರೂಪದ ಕೇಸ್ ಬರಿಯೋದಿದ್ದರ ತಾಯಿ-ತಂದಿಯ ಲಿಖಿತ ಒಪ್ಪಿಗಿ ಬೇಕು, ಮತ್ತ ಅವರು ಮನಿಗೆ ಹೋಗೋ ಮೊದಲ ತಗೋ; ಆಮ್ಯಾಲೆ ಅವರನ್ನ ಹುಡುಕೋದು ಕಷ್ಟ.

ಸ್ಟಡಿ ಲೀವ್ ವಿಷಯ. ರೋಟಾ ಕಟ್ಟೋದು ಸಾಮಾನ್ಯವಾಗಿ ಆರರಿಂದ ಎಂಟು ವಾರ ಮೊದಲ. ಸಭೆಯ ತಾರೀಖು ತಿಳಿದ ದಿನಾನ ಅರ್ಜಿ ಹಾಕು. ಎಂಟಿಐದವರಿಗೆ ಎಷ್ಟು ದಿನ, ಎಷ್ಟು ರೊಕ್ಕ ಅನ್ನೋದು ದವಾಖಾನಿ ಮ್ಯಾಲೆ ಹೋಗತದ, ಬಾಯಿಮಾತಿನಾಗ ಬಿಡದ ಮೇಲ್‌ನಾಗ ಬರಿಸಿಕೋ. ರಸೀದಿ ಮತ್ತ ಹಾಜರಿ ಪ್ರಮಾಣಪತ್ರ ಇಲ್ಲದ ರೊಕ್ಕ ತಿರುಗಿ ಬರಂಗಿಲ್ಲ. ಕಲಿತದ್ದನ್ನ ಅವತ್ತ ಸಂಜಿನ ನಾಕು ಸಾಲು ಬರದಿಡು. ವರ್ಷದ ಅಪ್ರೈಸಲ್ಲಿಗೆ ಹಾಜರಿಗಿಂತ ಅದರದ ತೂಕ ಹೆಚ್ಚು.

ಸಭೆಯೊಳಗ ದೊಡ್ಡ ಸಭಾಂಗಣಕ್ಕಿಂತ ಕಾರ್ಯಾಗಾರಕ್ಕ ಹೋಗು. ಕಷ್ಟದ ಶ್ವಾಸಮಾರ್ಗ, ಅಲ್ಟ್ರಾಸೌಂಡ್ ಬ್ಲಾಕ್ (ಅಲ್ಟ್ರಾಸೌಂಡಿನಾಗ ನರ ನೋಡಿ ಅದನ್ನ ಮರಗಟ್ಟಿಸೋದು), ಇಂಥವಕ್ಕ ಸೀಟು ಕಡಿಮಿ, ಲಗೂನ ತುಂಬತಾವ. ಹಿರಿಯರನ್ನ ಸರ್, ಮೇಡಂ ಅನ್ನದ ಹೆಸರು ಹಿಡದು ಮಾತಾಡಸು, ಅದು ಇಲ್ಲೆ ಅಗೌರವ ಅಲ್ಲ. ರೊಕ್ಕ ಕಡಿಮಿ ಇದ್ದರ ನಿನ್ನ ಪ್ರಾಂತದ ಸಣ್ಣ ಸಭೆಗಳಿಂದ ಶುರು ಮಾಡು. ಮುಂದ ನೀ ಹೊಂಟಿರೋದು ಅಲ್ಲಿ ಬರೋ ಹಿರಿಯರ ಕೈಯಾಗನ ಕೆಲಸ ಮಾಡಲಿಕ್ಕೆ.

ಪಗಾರ ಇಲ್ಲದ ಸೇವೆ ಇಲ್ಲೂ ಬೇಕಾದಷ್ಟದ, ವಿಮಾನ ಹತ್ತಬೇಕಂತಿಲ್ಲ. ಎಪಿಎಲ್‌ಎಸ್ (ಜೀವಕ್ಕ ಕುತ್ತು ಬಂದ ಮಕ್ಕಳನ್ನ ಉಳಿಸೋದನ್ನ ಕಲಿಸೋ) ಕೋರ್ಸ್ ಚಲೋ ಮಾಡಿದವರನ್ನ ಬೋಧಕರಾಗಲಿಕ್ಕೆ ಆರಿಸತಾರ. ಆಮ್ಯಾಲೆ ಬೋಧಕರ ಕೋರ್ಸ್, ಅದಾದ ಮ್ಯಾಲೆ ಎರಡು ಕೋರ್ಸಿನಾಗ ಉಮೇದುವಾರಿ, ಅಲ್ಲಿಗೆ ಪೂರ್ಣ ಬೋಧಕ. ಇಂಗ್ಲಿಷ್ ಮಾತಿನ ಅಂಜಿಕಿ ಹೋಗಲಿಕ್ಕೆ ಇದಕ್ಕಿಂತ ಚಲೋ ಜಾಗಾ ಇಲ್ಲ. ಇನ್ನೊಂದು ಸೇಫ್ ಪೀಡಿಯಾಟ್ರಿಕ್ಸ್: ಜಗತ್ತಿನ ಅರಿವಳಿಕೆ ಸಂಘಗಳ ಒಕ್ಕೂಟ ಮತ್ತ ಇಲ್ಲಿಯ ಅಸೋಸಿಯೇಶನ್ ಆಫ್ ಅನೆಸ್ಥೆಟಿಸ್ಟ್ಸ್ (ಎಪಿಎ ಅಲ್ಲ, ಎಲ್ಲಾ ಅರಿವಳಿಕೆ ಡಾಕ್ಟರ ಸಂಘ) ಕೂಡಿ ಕಟ್ಟಿದ ಮೂರು ದಿನದ ಕೋರ್ಸ್. ಕಡಿಮಿ ಸೌಕರ್ಯದ ದೇಶಗಳಾಗ ಕಲಿಸೋದು, ಜತಿಗೆ ಅಲ್ಲಿಯವರನ್ನ ಬೋಧಕರನ್ನಾಗಿ ತಯಾರು ಮಾಡೋದು. ಹತ್ತು ದಿನ ಬಂದು ನೂರು ಆಪರೇಶನ್ ಮಾಡಿ ಹೋಗೋದಕ್ಕಿಂತ ಇದು ಮೇಲು ಅಂತ ನನ್ನ ಖಚಿತ ಅಭಿಪ್ರಾಯ.

ಈಗ ಗದಗದ ಶಿಬಿರ. ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿನ ನಿನ್ನ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು, ತಾರೀಖು ನೋಡಿಕೋ. ಎನ್‌ಎಚ್‌ಎಸ್‌ನ (ಇಲ್ಲಿಯ ಸರಕಾರಿ ಆರೋಗ್ಯ ಸೇವೆಯ) ರಕ್ಷಣೆ ಹೊರದೇಶದ ಸೇವೆಗೆ ಬರಂಗಿಲ್ಲ. ಇಂಡೆಮ್ನಿಟಿ (ತಪ್ಪಾಗಿ ಕೇಸ್ ಬಿದ್ದರ ಪರಿಹಾರ ಕಟ್ಟೋ ಹೊಣಿ) ಯಾರದು, ಎಷ್ಟರದು ಅನ್ನೋದನ್ನ ಬರವಣಿಗೆಯೊಳಗ ತಗೋ. ವೀಸಾ ಷರತ್ತು ಎಚ್‌ಆರ್ ಕಡೆ ಕೇಳಿಕೋ.

ಶಿಬಿರದವರಿಗೆ ಕೇಳಬೇಕಾದ್ದು: ಕ್ಯಾಪ್ನೋಗ್ರಾಫ್ (ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಸೋ ಯಂತ್ರ) ಅದ ಏನು? ಸಣ್ಣ ಮಕ್ಕಳ ಪಲ್ಸ್ ಆಕ್ಸಿಮೀಟರ್ ಪ್ರೋಬ್? ರಕ್ತ, ಕಫ ಹೀರೋ ಸಕ್ಷನ್ನಿಗೆ ಕಾಲಿನಿಂದ ಒತ್ತೋದೊಂದು? ಕರೆಂಟ್ ಹೋದಾಗ ಮಾನಿಟರಿನ ಬ್ಯಾಟರಿ ಎಷ್ಟು ಹೊತ್ತು? ಆಕ್ಸಿಜನ್ ಕಾನ್ಸಂಟ್ರೇಟರ್ ಒಂದನ್ನ ನಂಬಬ್ಯಾಡ, ಕರೆಂಟ್ ಹೋದರ ಅದೂ ನಿಲ್ಲತದ. ಬಿ ಟೈಪ್ ಸಿಲಿಂಡರಿನಾಗ ಸುಮಾರು 1500 ಲೀಟರ್. 10 ಕಿಲೋ ಕೂಸಿಗೆ ಜೆಆರ್ ಸರ್ಕ್ಯೂಟಿನಾಗ (ಜಾಕ್ಸನ್ ರೀಸ್ ಹೆಸರಿನ ಉಸಿರಾಟದ ಕೊಳವಿಯೊಳಗ) ನಿಮಿಷಕ್ಕ 6 ಲೀಟರ್ ಹಿಡದರ ಬರೇ ನಾಕು ತಾಸಿನ ಮಾತು. ಇನ್ನೊಂದು ತುಂಬಿದ ಸಿಲಿಂಡರ್ ಬದೀಗೆ ನಿಂತಿರಬೇಕು, ಅದರ ಕೀಲಿನೂ ಅಲ್ಲೇ ಕಟ್ಟಿರಬೇಕು.

ಆ ಜೆಆರ್ ಸರ್ಕ್ಯೂಟಿನ ಮೂಲನೂ ತಿಳಕೋ. ನ್ಯೂಕ್ಯಾಸಲ್ಲಿನ ಫಿಲಿಪ್ ಏರ್ 1937ರಾಗ ಟಿ-ಪೀಸ್ (ಟಿ ಆಕಾರದ ಉಸಿರಾಟದ ಕೊಳವಿ) ಬರದಿಟ್ಟದ್ದು ಸೀಳುತುಟಿ, ಸೀಳಂಗಳದ (ಬಾಯಿಯ ಮ್ಯಾಲಿನ ಅಂಗಳ ಸೀಳಿದ) ಕೂಸುಗಳಿಗಂತನ. ಲಿವರ್‌ಪೂಲಿನ ಜಾಕ್ಸನ್ ರೀಸ್ 1950ರಾಗ ಅದಕ್ಕ ಚೀಲ ಹಚ್ಚಿದರು. ವಾಲ್ವ್ ಇಲ್ಲ, ಕರೆಂಟ್ ಬ್ಯಾಡ, ಶಿಬಿರಕ್ಕ ಹೇಳಿ ಮಾಡಿಸಿದ್ದು. ಆದರ 20 ಕಿಲೋದ ಮ್ಯಾಲಿನ ಮಕ್ಕಳಿಗೆ ಬಳಸಬ್ಯಾಡ.

ಎಲ್ಲೆ ತಪ್ಪತದ? ಮೊದಲು ನೆಗಡಿ. ರೋಣದಿಂದ, ನವಲಗುಂದದಿಂದ ಎರಡು ಬಸ್ ಬದಲಿಸಿ, ಕೂಲಿ ಕಳಕೊಂಡು ಬಂದ ತಾಯಿಗೆ ‘ಎರಡು ವಾರ ಬಿಟ್ಟು ಬಾ’ ಅನ್ನಲಿಕ್ಕೆ ಯಾರಿಗೂ ಮನಸ್ಸಾಗಂಗಿಲ್ಲ. ಆದರ ಜ್ವರ, ಕಫದ ಕೆಮ್ಮು ಇದ್ದ ಕೂಸಿಗೆ ಲ್ಯಾರಿಂಗೋಸ್ಪಾಸಂ (ಗಂಟಲಿನ ಧ್ವನಿಪೆಟ್ಟಿಗಿ ಬಿಗಿದು ಉಸಿರು ಕಟ್ಟೋದು) ಆಗೋ ಸಾಧ್ಯತೆ ಭಾಳ. ಮುಂದೂಡು. ಹಂಗ ಮುಂದೂಡಿದವರಿಗೆ ಮುಂದಿನ ತಾರೀಖು ಮತ್ತ ಬಸ್ ಖರ್ಚು ಕೊಡಲಿಕ್ಕೆ ಶಿಬಿರದವರನ್ನ ಮೊದಲ ಒಪ್ಪಿಸಿರು; ಸೂಟಿ ಮುಗಿದು ನೀ ಹೋದರೂ ಆ ಕೂಸಿನ ಆಪರೇಶನ್ ಆಗುವಂಗಿರಬೇಕು. ತಾಯಂದಿರು ಹಿಂದಿನ ರಾತ್ರಿಯಿಂದನ ಹಾಲು ಬಿಡಿಸಿರತಾರ. ಎದಿಹಾಲು ನಾಕು ತಾಸು ಮೊದಲತನಕ ಅಂತ ಕನ್ನಡದಾಗ ದೊಡ್ಡ ಅಕ್ಷರದ ಚೀಟಿ ಮಾಡಿ, ಓದಿ ಹೇಳು.

ಟೇಬಲ್ಲಿನ ಮ್ಯಾಲೆ ಗಂಡಾಂತರ ಬಾಯಿ ತೆಗೆಯೋ ಗ್ಯಾಗಿನಿಂದ. ಅದು ಉಸಿರಿನ ಟ್ಯೂಬನ್ನ ಅದುಮತದ. ತಲಿ ಹಿಂದಕ್ಕ ಬಾಗಿದರ ಟ್ಯೂಬ್ ಮ್ಯಾಲೆ ಸರೀತದ, ಮುಂದ ಬಾಗಿದರ ಒಳಗ ಇಳೀತದ. ಗ್ಯಾಗ್ ಹಾಕಿ ಬಾಯಿ ಅಗಲಿಸಿದ ಕೂಡ್ಲೆ ಎರಡೂ ಎದಿ ಕೇಳಿ, ಕ್ಯಾಪ್ನೋಗ್ರಾಫ್ ನೋಡಿ, ಆಮ್ಯಾಲೆ ‘ಶುರು ಮಾಡ್ರಿ’ ಅನ್ನು. ಗಂಟಲೊಳಗ ಇಟ್ಟ ಪ್ಯಾಕ್ (ರಕ್ತ ಹೀರೋ ಬಟ್ಟಿ) ಬೋರ್ಡಿನ ಮ್ಯಾಲೆ ಬರೀಲಿ, ಟ್ಯೂಬ್ ತೆಗೆಯೋ ಮೊದಲ ಅದು ಹೊರಗ ಬಂದದ್ದನ್ನ ಕಣ್ಣಾರೆ ನೋಡು. ಪ್ರತಿ ಕೂಸಿನ ಕಾಗದದ ಮ್ಯಾಲೆ ತೂಕ ಮತ್ತ ಅದಕ್ಕ ತಕ್ಕ ಲೆಕ್ಕ ಮೊದಲ ಬರದಿಡು: ಹೃದಯ ನಿಂತರ ಅಡ್ರಿನಲಿನ್ ಕಿಲೋಗೆ 10 ಮೈಕ್ರೋಗ್ರಾಂ, ಪ್ಯಾರಾಸಿಟಮಾಲ್ 15 ಮಿಲಿಗ್ರಾಂ, ಮರಗಟ್ಟಿಸೋ ಬುಪಿವಕೇನ್ 2.5 ಮಿಲಿಗ್ರಾಂ ಮೀರಬಾರದು, ಆರು ತಿಂಗಳೊಳಗಿನ ಕೂಸಿಗೆ ಇನ್ನೂ ಕಡಿಮಿ. ಸರ್ಜನ್ ಚುಚ್ಚಿದ ಲಿಗ್ನೊಕೇನನ್ನೂ (ಅದೂ ಮರಗಟ್ಟಿಸೋ ಔಷಧಿನ) ಇದರಾಗ ಕೂಡಿಸಿ ನೋಡಬೇಕು. ಬ್ಯಾರೆ ಬ್ಯಾರೆ ಎಣಿಸಿದರ ವಿಷ ಆಗತದ.

ಸೀಳಂಗಳದ ಕೂಸಿಗೆ ಮೊದಲ ರಾತ್ರಿ ರಕ್ತ ಇಳಿದು, ನಾಲಿಗಿ ಬಾತು ಉಸಿರು ಕಟ್ಟಬಹುದು. ಶ್ವಾಸಮಾರ್ಗ ಬಲ್ಲ ಒಬ್ಬರು ರಾತ್ರಿಯಿಡೀ ಅಲ್ಲೇ ಇರಬೇಕು. ಅವರು ಇಲ್ಲ ಅಂದರ ತುಟಿ ಅಷ್ಟ ಮಾಡಿಸು, ಅಂಗಳದ ಕೂಸುಗಳನ್ನ ಹುಬ್ಬಳ್ಳಿ-ಧಾರವಾಡದ ದೊಡ್ಡ ದವಾಖಾನಿಗೆ ಕಳಿಸು. ರಾತ್ರಿ ಇರೋವರ ಹೆಸರು ಕೈಗೆ ಬರೋತನಕ ವಿಮಾನದ ಟಿಕೆಟ್ ತಗೋಬ್ಯಾಡ.