ಹುಟ್ಟಿನಿಂದಿರುವ ದೊಡ್ಡ ಮಚ್ಚೆಯನ್ನು ತೆಗೆಸಿದರೆ ಕಲೆ ಕಡಿಮೆ ಉಳಿಯುವಂತೆ ಮಾಡಬಹುದೇ?

ಕಡಿಮೆ ಮಾಡಬಹುದು, ಪೂರ್ತಿ ಇಲ್ಲದಂತೆ ಮಾಡಲಾಗದು. ದುಂಡಗಿನ ಮಚ್ಚೆಯನ್ನು ದುಂಡಗೇ ಕತ್ತರಿಸಿ ಹೊಲಿದರೆ ತುದಿಗಳಲ್ಲಿ ಚರ್ಮ ಉಬ್ಬಿಕೊಳ್ಳುತ್ತದೆ. ಅದಕ್ಕೇ ಕಣ್ಣಿನಾಕಾರದಲ್ಲಿ, ಅಗಲದ ಸುಮಾರು ಮೂರು ಪಟ್ಟು ಉದ್ದಕ್ಕೆ ಕತ್ತರಿಸುತ್ತಾರೆ. ಅಂದರೆ 4 ಸೆಂ.ಮೀ. ಮಚ್ಚೆಗೆ 12 ಸೆಂ.ಮೀ. ಗೆರೆ!

ಈ ಗೆರೆ ಚಿಕ್ಕದಾಗಬೇಕಿದ್ದರೆ ಕಂತಿನಲ್ಲಿ ತೆಗೆಯುವುದು ಒಳ್ಳೆಯ ದಾರಿ. ಮೊದಲ ಸಲ ಮಚ್ಚೆಯ ಅಂಚು ದಾಟದೆ ಒಳಗಿನ ಭಾಗವನ್ನಷ್ಟೇ ತೆಗೆದು ಹೊಲಿಯುತ್ತಾರೆ. ಕೆಲವು ತಿಂಗಳಲ್ಲಿ ಸುತ್ತಲಿನ ಚರ್ಮ ಹಿಗ್ಗಿ ಸಡಿಲವಾದ ಮೇಲೆ, ಹಳೆಯ ಗೆರೆಯನ್ನೂ ಸೇರಿಸಿ ಉಳಿದದ್ದನ್ನು ತೆಗೆಯುತ್ತಾರೆ. ಕ್ಯಾನ್ಸರ್ ಅನುಮಾನವಿದ್ದರೆ ಮಾತ್ರ ಇದು ಬೇಡ. ಇನ್ನೂ ದೊಡ್ಡದಾದರೆ ಪಕ್ಕದ ಚರ್ಮದಡಿ ಸಿಲಿಕೋನ್ ಬಲೂನು ಇಟ್ಟು, ವಾರವಾರ ಸಲೈನ್ ತುಂಬಿ ಚರ್ಮ ಹಿಗ್ಗಿಸುತ್ತಾರೆ.

ಕಲೆ ಅಗಲವಾಗಲು ಮುಖ್ಯ ಕಾರಣ ಎಳೆತ. ಅದನ್ನು ಹೊರಬೇಕಾದ್ದು ಒಳಗಿನ ಕರಗುವ ಹೊಲಿಗೆ. ಮೇಲಿನದು ಅಂಚು ಕೂಡಿಸಲು ಅಷ್ಟೇ. ಮುಖದ ಹೊಲಿಗೆಯನ್ನು 5–7 ದಿನಕ್ಕೆ, ಬೆನ್ನಿನದನ್ನು 10–14 ದಿನಕ್ಕೆ ಬಿಚ್ಚಬೇಕು. ತಡವಾದರೆ ಏಣಿಯ ಮೆಟ್ಟಿಲಿನಂಥ ಗುರುತು ಉಳಿಯುತ್ತದೆ.

ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಶೀಟನ್ನು ದಿನಕ್ಕೆ 12 ಗಂಟೆಗೂ ಹೆಚ್ಚು, ಎರಡು-ಮೂರು ತಿಂಗಳು ಹಚ್ಚಿಡಿ. ಬಿಸಿಲು ಬಿದ್ದರೆ ನಮ್ಮ ಬಣ್ಣದ ಚರ್ಮದಲ್ಲಿ ಗೆರೆ ಬೇಗ ಕಪ್ಪಾಗುತ್ತದೆ, ಸನ್‌ಸ್ಕ್ರೀನ್ ಮರೆಯಬೇಡಿ. ಎದೆ, ಭುಜದ ಕಲೆ ಗಟ್ಟಿಯಾಗಿ ಉಬ್ಬಿ ತುರಿಸತೊಡಗಿದರೆ ಕಾಯಬೇಡಿ. ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಶುರುವಾದಷ್ಟೂ ಒಳ್ಳೆಯದು.