ದುಂಡು ಮಲ್ಲಿಗೆಯ ಚಿಗುರು ಹಳದಿಯಾದರೆ ಮೊದಲು ನೀರನ್ನು ನೋಡಿ

ಕುಂಡದ ದುಂಡು ಮಲ್ಲಿಗೆ ಏಕೆ ಹಳದಿಯಾಗುತ್ತಿದೆ, ಅದರ ಹೂವನ್ನು ಚಹಾಕ್ಕೆ ಬಳಸುವುದು ಹೇಗೆ ಎಂದು ಕೇಳಿದ್ದೀರಿ. ಹಳದಿಯಾಗಲು ಬಹುಶಃ ನಿಮ್ಮ ಕೋಲಾರದ ಬೋರ್‌ವೆಲ್ ನೀರೇ ಕಾರಣ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದೆ ಎಂದಿದ್ದೀರಿ. ಅದು ಕಬ್ಬಿಣದ ಕೊರತೆಯ ಗುರುತು. ಗಡಸು ನೀರಿನ ಸುಣ್ಣ ಮಣ್ಣಿನಲ್ಲಿ ಕೂತರೆ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಕುಂಡದ ಅಂಚನ್ನು ಉಗುರಿನಿಂದ ಕೆರೆದು ನೋಡಿ. ನನ್ನ ಕುಂಡದಲ್ಲಿ ಬಿಳಿ ಪೊರೆ ಇಡ್ಲಿ ಪಾತ್ರೆಯ ತಳದಂತೆ ಗಟ್ಟಿಯಾಗಿತ್ತು.

ಮೊದಲು ಮೇಲಿನ ಎರಡು ಅಂಗುಲ ಮಣ್ಣು ತೆಗೆದು ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ತುಂಬಿ. ಆಮೇಲೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ (ಕಬ್ಬಿಣ ಒದಗಿಸುವ ಲವಣ), ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. 15 ದಿನ ಬಿಟ್ಟು ಮತ್ತೊಮ್ಮೆ. ಹಳೆಯ ಎಲೆಯನ್ನು ನಂಬಬೇಡಿ, ಹೊಸ ಚಿಗುರಿನ ಬಣ್ಣ ಗಮನಿಸಿ. ಮಳೆನೀರು ಸಿಕ್ಕಾಗಲೆಲ್ಲ ಹಿಡಿದಿಟ್ಟು ಹಾಕಿ. ಕೆಳಗಿನ ಎಲೆಗಳೂ ಉದುರುತ್ತಿದ್ದರೆ ನನ್ನ ಊಹೆ ತಪ್ಪಿರಬಹುದು. ಬೇರು ಕೊಳೆತಿದೆಯೇ, ಕುಂಡದ ತೂತು ಕಟ್ಟಿದೆಯೇ ನೋಡಿ.

ಇನ್ನು ಮಲ್ಲಿಗೆ ಚಹಾದ ಮಾತು. ಅದಕ್ಕೆ, ಸಿಂಪಡಣೆಯೆಲ್ಲ ಮುಗಿದ ಮೇಲೆ ಮೂಡುವ ಮೊಗ್ಗನ್ನೇ ಬಳಸಿ. ಪೇಟೆಯ ಹೂವಂತೂ ಬೇಡವೇ ಬೇಡ, ಅದಕ್ಕೆ ಏನೇನು ಹೊಡೆದಿರುತ್ತಾರೋ. ಬಿರಿಯಲಿರುವ ಮೊಗ್ಗನ್ನು ಸಂಜೆ ಕಿತ್ತು ಒಣ ಹಸಿರು ಚಹಾದ ನಡುವೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಹೂ ಆರಿಸಿ ತೆಗೆದು, ಚಹಾ ಎಲೆಯನ್ನು ಚೆನ್ನಾಗಿ ಒಣಗಿಸಿ ಡಬ್ಬಿಗೆ ತುಂಬಿ.