ಬಂದ್ ಆಗದ ಎಂಜಿನ್: ಕೀ ಬಿಡು, ಗಾಳಿ ಮುಚ್ಚು

ತಮ್ಮಾ, ಕಾರಟಗಿ ಕಡೆ ಗದ್ದೆ ಕೆಸರು ಮಾಡುವಾಗ ಕೀ ತಿರುಗಿಸಿದರೂ ಟ್ರ್ಯಾಕ್ಟರ್ ಬಂದ್ ಆಗಲಿಲ್ಲ, ಬ್ಯಾಟರಿ ವಯರ್ ಕಿತ್ತರೂ ಓಡುತ್ತಲೇ ಇತ್ತು ಅಂತ ಬರೆದಿದ್ದೀಯ. ಇನ್ನೊಮ್ಮೆ ವಯರ್ ಕೀಳಬೇಡ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸುಡಬಹುದು ಅಷ್ಟೇ. ಹಳೇ ಮಾದರಿ ಡೀಸೆಲ್ ಪಂಪ್ ಇರುವ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ, ಅದಕ್ಕೇ ಕರೆಂಟ್ ಕಟ್ ಆದರೂ ಓಡುತ್ತದೆ.

ಮೊದಲು ಸದ್ದು ಕೇಳು. ಸ್ಲೋದಲ್ಲೇ ಸಮವಾಗಿ ಓಡುತ್ತಿದ್ದರೆ ಗಾಬರಿ ಬೇಡ. ಸ್ಟಾಪ್ ಕೇಬಲ್ ಕಿತ್ತಿರುತ್ತದೆ, ಇಲ್ಲಾ ಕೀ ತಿರುಗಿಸಿದಾಗ ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್ ಹಿಡಿದುಕೊಂಡಿರುತ್ತದೆ. ಡೀಸೆಲ್ ಪಂಪಿನ ಪಕ್ಕದ ಸ್ಟಾಪ್ ಲಿವರನ್ನು ಕೈಯಿಂದಲೇ ತಳ್ಳು, ನಿಲ್ಲುತ್ತದೆ. ಫ್ಯಾನ್ ಬೆಲ್ಟ್ ಹತ್ತಿರ ಟವೆಲ್ಲು, ಸಡಿಲ ತೋಳು ಹೋಗದಂತೆ ನೋಡಿಕೋ. ಕಾಲುವೆ ದಂಡೆಯ ಒಂಟಿ ಸಿಲಿಂಡರ್ ಪಂಪ್‌ಸೆಟ್ ಆದರೆ ಹೆಡ್ ಮೇಲಿನ ಡಿಕಂಪ್ರೆಷನ್ ಲಿವರ್ (ಒತ್ತಿದ ಗಾಳಿ ಹೊರಬಿಡುವ ಲಿವರ್) ಎತ್ತು.

ಆದರೆ ಆಕ್ಸಿಲರೇಟರ್ ಮುಟ್ಟದೆಯೇ ರೇಸ್ ಏರುತ್ತಾ ಹೋಗಿ, ಹೊಗೆ ನೀಲಿ ಬಿಳಿ ಬರುತ್ತಿದ್ದರೆ ಎಂಜಿನ್ ಡೀಸೆಲ್ ಅಲ್ಲದೆ ಆಯಿಲನ್ನೂ ಕುಡಿದು ಉರಿಸುತ್ತಿದೆ ಅಂತ ಅರ್ಥ. ಆಗ ಡೀಸೆಲ್ ಕಟ್ ಮಾಡಿದರೂ ಉಪಯೋಗವಿಲ್ಲ, ಗಾಳಿ ಕಟ್ ಮಾಡಬೇಕು. ಏರ್ ಕ್ಲೀನರ್ ಪೈಪಿನ ಬಾಯಿಗೆ ದಪ್ಪ ಪ್ಲೈವುಡ್ ತುಂಡು ಒತ್ತಿ ಹಿಡಿ. ಕೈ ಇಡಲೇಬೇಡ, ಎಳೆತ ಭಾರಿ ಇರುತ್ತದೆ. ತೆಳು ಬಟ್ಟೆಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಬೆಂಕಿ ಆರಿಸುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇದ್ದರೆ ಆ ಪೈಪಿನ ಬಾಯಿಗೆ ಬಿಡಬಹುದು. ನೀರು ಮಾತ್ರ ಹಾಕಬೇಡ. ನಾಜಲ್ ಪೈಪಿನ (ಪಂಪಿನಿಂದ ಎಂಜಿನ್‌ಗೆ ಡೀಸೆಲ್ ಒಯ್ಯುವ ಸಣ್ಣ ಪೈಪ್) ನಟ್ ಸಡಿಲಿಸಲೂ ಹೋಗಬೇಡ, ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ರೇಸ್ ಇನ್ನೂ ಜಾಸ್ತಿ ಏರಿಲ್ಲ, ನೀನು ಸೀಟಿನಲ್ಲೇ ಇದ್ದೀಯ, ಮುಂದೆ ಯಾರೂ ಇಲ್ಲ ಅಂದರೆ ದೊಡ್ಡ ಗೇರ್ ಹಾಕಿ, ಎರಡೂ ಬ್ರೇಕ್ ಒತ್ತಿಕೊಂಡೇ ಕ್ಲಚ್ ಬಿಟ್ಟು ಎಂಜಿನ್ ಕೂರಿಸಬಹುದು. ಏರಿಬಿಟ್ಟಿದ್ದರೆ ಎಲ್ಲರನ್ನೂ ಕರೆದುಕೊಂಡು ದೂರ ಓಡು, ಎಂಜಿನ್ ಒಡೆದರೆ ಕಬ್ಬಿಣದ ಚೂರು ಗುಂಡಿನಂತೆ ಹಾರುತ್ತದೆ. ಎಂಜಿನ್ ಇನ್ನೊಂದು ಸಿಗುತ್ತದೆ.

ನಮ್ಮ ಟ್ರ್ಯಾಕ್ಟರಿಗೂ ಒಮ್ಮೆ ಹೀಗೇ ರೇಸ್ ಏರಿತ್ತು, ಕಾರಣ ಸಣ್ಣದು. ಕಲ್ಲಿನ ಧೂಳು ಜಾಸ್ತಿ ಅಂತ ನನ್ನ ಭಾವ ಏರ್ ಕ್ಲೀನರಿನ ಆಯಿಲ್ ಬಟ್ಟಲಿಗೆ ಎರಡು ಬೆರಳು ಹೆಚ್ಚಿಗೆ ಸುರಿದಿದ್ದ, ಆ ಆಯಿಲನ್ನೇ ಎಂಜಿನ್ ಗಾಳಿಯ ಜೊತೆ ಒಳಗೆ ಎಳೆದುಕೊಂಡಿತು. ಎಲ್ಲಿವರೆಗೆ ಆಯಿಲ್ ಹಾಕಬೇಕು ಅಂತ ಬಟ್ಟಲಿನ ಒಳಗೋಡೆಯಲ್ಲಿ ಒಂದು ಗೆರೆ ಇದೆ, ಕಪ್ಪು ಮಡ್ಡಿ ಕೂತು ಕಾಣುತ್ತಲೇ ಇರಲಿಲ್ಲ. ಸೀಮೆಎಣ್ಣೆಯಲ್ಲಿ ಉಜ್ಜಿದ ಮೇಲೆ ಕಂಡಿತು. ಅವತ್ತು ಗದ್ದೆ ಬದುವಿನ ಮೇಲೆ ಅವನ ಎರಡು ಮಕ್ಕಳು ನಿಂತಿದ್ದವು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಂತ ಮೇಲೆ ಕೂಡಲೇ ಸೆಲ್ಫ್ ಹೊಡೆಯಬೇಡ. ತಣ್ಣಗಾಗಲಿ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡು: ಆಯಿಲ್ ಮೇಲಿನ ಗುರುತು ದಾಟಿ ಡೀಸೆಲ್ ವಾಸನೆ ಬಂದರೆ ಪಂಪಿನಿಂದ ಡೀಸೆಲ್ ಒಳಗೆ ಸೋರುತ್ತಿರಬಹುದು. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪು ಕಟ್ಟಿಕೊಂಡಿದೆಯಾ, ಟರ್ಬೊ ಇದ್ದರೆ ಅದರ ಗಾಳಿ ಪೈಪಿನಲ್ಲಿ ಆಯಿಲ್ ನಿಂತಿದೆಯಾ, ಇದನ್ನೂ ಮೆಕ್ಯಾನಿಕ್‌ಗೆ ತೋರಿಸು. ಪ್ಲೈವುಡ್ ತುಂಡನ್ನು ಇವತ್ತೇ ಪೈಪಿನ ಬಾಯಿಗೆ ಅಳತೆ ನೋಡಿ ಕತ್ತರಿಸಿ ಟೂಲ್ ಬಾಕ್ಸಿನಲ್ಲಿ ಇಟ್ಟುಕೋ. ಪೈಪಿನ ಮೇಲೆ ಟೋಪಿ ಇದ್ದರೆ ಅದರ ಕ್ಲಿಪ್ ಸುಲಭವಾಗಿ ಬಿಚ್ಚಲು ಬರುತ್ತದಾ ಅಂತಲೂ ಈಗಲೇ ನೋಡು. ನಿನ್ನದು ಸ್ಲೋದಲ್ಲಿ ಓಡುತ್ತಿತ್ತಾ, ರೇಸ್ ಏರಿತ್ತಾ? ಅದನ್ನು ಬರೆ.